ನಾಲಿಗೆಗೆ ಮೈಕ್ರೋಆಂಪಿಯರ್: ರುಚಿ ಅಳೆಯುವವರಿಗೆ ಏಳು ಸೂತ್ರಗಳು

ಕಿವಿ ಆಪರೇಷನ್ ಆದವರು ಕೆಲವೊಮ್ಮೆ ಬಂದು ಹೇಳುತ್ತಾರೆ: "ಡಾಕ್ಟ್ರೇ, ನಾಲಿಗೆ ಒಂದು ಪಕ್ಕ ಸಪ್ಪೆ." ಆಶ್ಚರ್ಯವೇನಿಲ್ಲ. ನಾಲಿಗೆಯ ಮುಂಭಾಗದ ರುಚಿಯನ್ನು ಮಿದುಳಿಗೆ ಒಯ್ಯುವ ಕಾರ್ಡಾ ಟಿಂಪನಿ ನರ ಕಿವಿತಮಟೆಯ ಹಿಂಬದಿಯಿಂದ, ಮಧ್ಯಕಿವಿಯನ್ನು ಹಾದೇ ಹೋಗುತ್ತದೆ. ಆ ನರಕ್ಕೆ ಪೆಟ್ಟಾಗಿದೆಯೇ ಎಂದು ತೀರಾ ಸಣ್ಣ ವಿದ್ಯುತ್ತಿನಿಂದ ತಿಳಿಯುವ ವಿಧಾನವೇ ಎಲೆಕ್ಟ್ರೋಗಸ್ಟೊಮೆಟ್ರಿ. ಸೀಸ, ಬೆಳ್ಳಿಯ ತಗಡುಗಳನ್ನು ಕೂಡಿಸಿ ನಾಲಿಗೆಗಿಟ್ಟರೆ ವಿಚಿತ್ರ ರುಚಿ ಬರುತ್ತದೆಂದು ಸುಲ್ಜರ್ ಎಂಬವರು 18ನೇ ಶತಮಾನದಲ್ಲೇ ಬರೆದಿದ್ದರು. 1958ರಲ್ಲಿ ಕ್ರಾರುಪ್ ಎಂಬವರು ಇದನ್ನು ರೋಗಿಗಳ ಪರೀಕ್ಷೆಗೆ ಒಗ್ಗಿಸಿದರು. ಈಗಷ್ಟೇ ಕಲಿಯುತ್ತಿರುವವರಿಗೆ ಈ ಸೂತ್ರಗಳು.

1. ಮೊದಲ ಪ್ರಶ್ನೆ ಹೃದಯದ್ದು. ಪೇಸ್‌ಮೇಕರ್ ಇದ್ದರೆ ಈ ಪರೀಕ್ಷೆ ಬೇಡ.

2. ಬಾಯಿ ಶುಚಿಯಾಗಿರಲಿ. ಪರೀಕ್ಷೆಗೆ ಒಂದು ಗಂಟೆ ಮುಂಚಿನಿಂದ ಕಾಫಿ, ಎಲೆಯಡಿಕೆ, ಬೀಡಿ-ಸಿಗರೇಟು ಯಾವುದೂ ಬೇಡ ಎಂದು ತಿಳಿಸಿ. ಕೂರಿಸಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲಿ.

3. ಜಾಗ ತಪ್ಪಬೇಡಿ. ಕಾರ್ಡಾ ಟಿಂಪನಿಗೆ ವಿದ್ಯುತ್ತು ಕೊಡುವ ಎಲೆಕ್ಟ್ರೋಡನ್ನು ನಾಲಿಗೆಯ ತುದಿಯಿಂದ ಸುಮಾರು 2 ಸೆಂಟಿಮೀಟರ್ ಹಿಂದೆ, ಅಂಚಿನಲ್ಲಿ ಇಡಿ. ಗ್ಲಾಸೊಫ್ಯಾರಿಂಜಿಯಲ್ ನರಕ್ಕೆ ನಾಲಿಗೆಯ ಹಿಂಭಾಗದ ದೊಡ್ಡ ರುಚಿಗುಳ್ಳೆಗಳ ಬಳಿ. ಗ್ರೇಟರ್ ಪೆಟ್ರೋಸಲ್ ನರಕ್ಕೆ ಮೃದು ಅಂಗುಳ. ನಟ್ಟನಡುವೆ ಇಟ್ಟರೆ ಎರಡು ಪಕ್ಕದ ನರಗಳೂ ಉತ್ತರ ಕೊಟ್ಟು ಲೆಕ್ಕ ಕೆಡುತ್ತದೆ. ಒತ್ತುವ ಭಾರ ಎರಡೂ ಕಡೆ ಒಂದೇ ಇರಲಿ.

4. ಅಂಕಿಯ ಅರ್ಥ ತಿಳಿದಿರಲಿ. ಬಹಳ ಕಡೆ ಬಳಕೆಯಲ್ಲಿರುವ ಯಂತ್ರದಲ್ಲಿ 0 ಡೆಸಿಬೆಲ್ ಎಂದರೆ 8 ಮೈಕ್ರೋಆಂಪಿಯರ್. −6 ಎಂದರೆ 4. 34 ಎಂದರೆ 400. ಪ್ರತಿ 6 ಡೆಸಿಬೆಲ್‌ಗೆ ವಿದ್ಯುತ್ತು ಸರಿಸುಮಾರು ಇಮ್ಮಡಿಯಾಗುತ್ತದೆ. ರುಚಿ ಮೊದಲು ಗೊತ್ತಾಗುವ ಅಂಕಿ ಚಿಕ್ಕದಾದಷ್ಟೂ ನಾಲಿಗೆ ಚುರುಕು.

5. ಏನನಿಸಿತು ಎಂದು ಕೇಳುವುದನ್ನು ಕಲಿಯಿರಿ. ಇಡೀ ಪರೀಕ್ಷೆಯ ಜೀವ ಇಲ್ಲಿದೆ. ಧನ ತುದಿ ನಾಲಿಗೆಗೆ ತಾಗಿದಾಗ ಬರುವುದು ಹುಳಿ ಅಥವಾ ಲೋಹದ ರುಚಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿಟ್ಟ ಹುಳಿಯಂತೆ ಎಂದರೆ ಹಳ್ಳಿಯ ಅಜ್ಜಿಗೂ ಥಟ್ಟನೆ ತಿಳಿಯುತ್ತದೆ. ವಿದ್ಯುತ್ತು ಹೆಚ್ಚಿದಂತೆ ಸ್ಪರ್ಶ ಮತ್ತು ನೋವಿನ ನರವೂ ಎಚ್ಚೆತ್ತು ನಾಲಿಗೆ ಚುಚ್ಚುತ್ತದೆ, ಜುಮ್ಮೆನ್ನುತ್ತದೆ. ಅದು ರುಚಿಯಲ್ಲ. "ಏನಾದರೂ ಗೊತ್ತಾಯ್ತಾ?" ಎಂದಷ್ಟೇ ಕೇಳಿದರೆ ರುಚಿಯ ನರ ತುಂಡಾದವರೂ "ಹೂಂ" ಅನ್ನುತ್ತಾರೆ, ನೀವು ನರ ಸರಿಯಿದೆ ಎಂದು ಬರೆದುಬಿಡುತ್ತೀರಿ. "ರುಚಿಯೋ, ಚುಚ್ಚಿದ್ದೋ?" ಎಂದು ಪ್ರತಿ ಸಲ ಕೇಳಿ. ಶುರುವಿನಲ್ಲೇ ಚೆನ್ನಾಗಿರುವ ಪಕ್ಕಕ್ಕೆ ಸ್ಪಷ್ಟವಾಗಿ ತಿಳಿಯುವಷ್ಟು ಕೊಟ್ಟು ರುಚಿಯ ಪರಿಚಯ ಮಾಡಿಸಿ. ಬೆರಳೆತ್ತಿ ಉತ್ತರಿಸಲು ಹೇಳಿ. ಬಾಯಿ ತೆರೆದವರು ಮಾತಾಡುವುದು ಹೇಗೆ?

6. ಕೆಳಗಿನಿಂದ ಮೇಲಕ್ಕೆ ಹೋಗಿ, ಆತುರ ಬೇಡ. ಅರ್ಧದಿಂದ ಒಂದು ಸೆಕೆಂಡು ವಿದ್ಯುತ್ತು, ನಡುವೆ ಬಿಡುವು. ಬಿಡುವಿಲ್ಲದಿದ್ದರೆ ನಾಲಿಗೆ ಜಡ್ಡುಗಟ್ಟುತ್ತದೆ. ಆಗಾಗ ವಿದ್ಯುತ್ತು ಕೊಡದೆಯೇ ಕೇಳಿ. ಅದಕ್ಕೂ "ಹೂಂ" ಬಂದರೆ ಮತ್ತೆ ವಿವರಿಸಿ ಮೊದಲಿನಿಂದ ಮಾಡಿ. ಡಾಕ್ಟರನ್ನು ಮೆಚ್ಚಿಸಲು ತಲೆಯಾಡಿಸುವವರು ಬಹಳ.

7. ಪಕ್ಕದವರೊಂದಿಗಲ್ಲ, ಅವರದೇ ಇನ್ನೊಂದು ಪಕ್ಕದೊಂದಿಗೆ ಹೋಲಿಸಿ. ವಯಸ್ಸಾದಂತೆ ಅಂಕಿ ಸಹಜವಾಗಿಯೇ ಏರುತ್ತದೆ. ಆದರೆ ಎಡಕ್ಕೂ ಬಲಕ್ಕೂ 6 ಡೆಸಿಬೆಲ್‌ಗಿಂತ ಹೆಚ್ಚು ಅಂತರವಿದ್ದರೆ ಗಮನಿಸಲೇಬೇಕು.

ಈ ಯಂತ್ರ ನರದ ಸ್ಥಿತಿ ಹೇಳುತ್ತದೆಯೇ ಹೊರತು ಸಿಹಿ, ಉಪ್ಪು, ಕಹಿ ಬೇರೆಬೇರೆಯಾಗಿ ತಿಳಿಯುತ್ತಿದೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಸಕ್ಕರೆ, ಉಪ್ಪಿನ ದ್ರಾವಣಗಳೇ ಬೇಕು. ಎರಡೂ ಪಕ್ಕ ಸರಿಯಿದ್ದು ಊಟ ರುಚಿಸದಿದ್ದರೆ ಮೂಗನ್ನು ಪರೀಕ್ಷಿಸಿ.

ಮಧ್ಯಕಿವಿಯ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಎರಡೂ ಪಕ್ಕದ ಅಂಕಿ ಬರೆದಿಡಿ. ರುಚಿ ಕೆಡಬಹುದೆಂಬ ಮಾತನ್ನೂ ರೋಗಿಯ ಒಪ್ಪಿಗೆ ಪಡೆಯುವಾಗಲೇ ಬಾಯಿಬಿಟ್ಟು ಹೇಳಿ.