ವಿದ್ಯಾಲಯದಲ್ಲಿ ಸೇವಾಧರ್ಮ

ಆಶ್ವಯುಜ ಶುಕ್ಲ ದಶಮಿಯು ಶ್ರೀಮದಾಚಾರ್ಯರ ಜಯಂತಿಯೆಂದು ನಾವು ಆಚರಿಸುವ ಪುಣ್ಯದಿನ. ಅಂದೇ ಅನೇಕ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸವೂ ನಡೆಯುತ್ತದೆ. ಅಕ್ಷರವನ್ನಾರಂಭಿಸಿದ ಮಗು ಮುಂದೆ ಶಾಲೆಯಲ್ಲಿ ಎಷ್ಟು ಅಂಕಗಳನ್ನು ಗಳಿಸೀತೆಂದು ನಾವೆಲ್ಲರೂ ಚಿಂತಿಸುತ್ತೇವೆ. ಅಲ್ಲಿ ಅದು ಯಾರಿಗೆ ಉಪಕಾರಿಯಾದೀತೆಂದು ಚಿಂತಿಸುವವರು ವಿರಳ. ನಮ್ಮ ಹಿರಿಯರಾದರೋ ಸೇವೆಯಿಲ್ಲದ ವಿದ್ಯೆಯನ್ನು ಪೂರ್ಣವೆಂದು ಎಣಿಸಲಿಲ್ಲ.

ಶ್ರೀಮದ್ಭಾಗವತದ ದಶಮಸ್ಕಂಧವನ್ನು ನೋಡೋಣ. ಅರವತ್ತನಾಲ್ಕು ದಿನಗಳಲ್ಲಿ ಅರವತ್ತನಾಲ್ಕು ಕಲೆಗಳನ್ನು ಗ್ರಹಿಸಿದ ಶ್ರೀಕೃಷ್ಣನು, ಗುರುಪತ್ನಿಯ ಮಾತಿನಂತೆ ಸಹಪಾಠಿಯೊಡನೆ ಸೌದೆ ತರಲು ಅರಣ್ಯಕ್ಕೆ ಹೋದನು. ಬಿರುಗಾಳಿ, ಮಳೆ, ಕತ್ತಲೆ. ದಾರಿ ತಪ್ಪಿದ ಬಾಲಕರು ಒಬ್ಬರ ಕೈಯನ್ನೊಬ್ಬರು ಹಿಡಿದು ಇರುಳನ್ನು ಕಳೆದರು. ಬೆಳಗ್ಗೆ ಸಾಂದೀಪನಿಗಳು ಹುಡುಕಿಕೊಂಡು ಬಂದು ಹರಸಿದರು. ಎಷ್ಟೋ ವರ್ಷಗಳ ಮೇಲೆ ಆ ಬಡ ಸಹಪಾಠಿ, ಎಂದರೆ ನಾವು ಕುಚೇಲನೆನ್ನುವ ಬ್ರಾಹ್ಮಣನು, ದ್ವಾರಕೆಗೆ ಬಂದಾಗ ಸ್ವಾಮಿಯು ವಿಸ್ತರಿಸಿ ನೆನೆದದ್ದು ಕಲಿತ ಪಾಠಗಳನ್ನಲ್ಲ, ಸೌದೆಗಾಗಿ ಅಲೆದ ಆ ಒಂದು ರಾತ್ರಿಯನ್ನು.

ಶ್ರೀಮದಾಚಾರ್ಯರ ಬಾಲ್ಯದಲ್ಲಿಯೂ ಇದೇ ಬೋಧೆಯಿದೆ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ ಪ್ರಕಾರ, ಗುರುಕುಲದಲ್ಲಿದ್ದಾಗ ತೀವ್ರ ತಲೆನೋವಿನಿಂದ ನರಳುತ್ತಿದ್ದ ಗುರುಪುತ್ರನ ಬಾಧೆಯನ್ನು ವಾಸುದೇವನು ಕಿವಿಯಲ್ಲಿ ಊದಿ ನಿವಾರಿಸಿದನು. ನಮ್ಮ ಮಕ್ಕಳಿಗೆ ಆ ಮಹಿಮೆ ಇಲ್ಲದಿರಬಹುದು. ಆದರೆ ಪಕ್ಕದವನ ನೋವನ್ನು ಗಮನಿಸುವ ಕಣ್ಣು ಇರಲು ಅಡ್ಡಿಯೇನು?

ಇಲ್ಲೊಂದು ತತ್ತ್ವವನ್ನು ಮರೆಯಬಾರದು. ಜೀವನೇ ದೇವರೆಂದು ನಾವು ಒಪ್ಪುವವರಲ್ಲ. ಪ್ರತಿ ಜೀವನೊಳಗೂ ಅಂತರ್ಯಾಮಿಯಾಗಿ ಶ್ರೀಹರಿಯಿದ್ದಾನೆಂಬುದರಿಂದ ಜನಸೇವೆಯು ಆತನ ಪೂಜೆಯಾಗುತ್ತದೆ. ಆಚಾರ್ಯರು ಇದನ್ನು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ಕರವನ್ನು ಕೊಟ್ಟವನು ದಾನಿಯೆಂದು ಬೀಗುವುದುಂಟೇ? ಸ್ವತಂತ್ರ ಕರ್ತೃವಾದ ಹರಿಯು ಮಾಡಿಸಿದ್ದನ್ನು ಮಾಡಿದೆವೆಂಬ ಭಾವವೇ ಸೇವೆಗೆ ಶೋಭೆ.

ಇನ್ನು ನಮ್ಮ ಅಂಬಿಕಾನಗರಕ್ಕೆ ಬರೋಣ. ಕಾಳೀ ಜಲವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಎದ್ದ ಊರಿದು. ತಂದೆಗೆ ವರ್ಗವಾಯಿತೆಂದು ರಾಯಚೂರಿನ ಶಕ್ತಿನಗರದಿಂದಲೋ ಶರಾವತಿಯ ಕಡೆಯಿಂದಲೋ ಬಂದ ಮಗು, ಪರಿಚಯದ ಒಂದು ಮುಖವೂ ಇಲ್ಲದ ತರಗತಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಸಿದ್ದಿ, ಗೌಳಿ, ಕುಣಬಿ ಮನೆತನಗಳಿವೆ. ಅಲ್ಲಿಯ ಎಷ್ಟೋ ಮಕ್ಕಳ ಮನೆಮಾತು ಮರಾಠಿ ಇಲ್ಲವೆ ಕೊಂಕಣಿ. ಕನ್ನಡದ ಪಾಠವನ್ನು ಓದುವುದೇ ಅವರಿಗೆ ಮೊದಲ ಬೆಟ್ಟ. ಇಂತಹ ಸಹಪಾಠಿಯ ಪಕ್ಕದಲ್ಲಿ ದಿನಕ್ಕೆ ಕಾಲು ಗಂಟೆ ಕುಳಿತು ಓದಿಸುವುದು, ಮಳೆಗಾಲದಲ್ಲಿ ಶಾಲೆ ತಪ್ಪಿದವನಿಗೆ ತನ್ನ ಟಿಪ್ಪಣಿ ಪುಸ್ತಕವನ್ನು ಕೊಡುವುದು, ಹೊಸಬನನ್ನು ಆಟಕ್ಕೆ ಕರೆಯುವುದು: ಇವೇ ವಿದ್ಯಾರ್ಥಿಯ ನಿತ್ಯಸೇವೆ. ಮಡಿಯಿರುವುದು ದೇವರ ಪೂಜೆಗೆ, ಸಹಪಾಠಿಯನ್ನು ದೂರವಿಡುವುದಕ್ಕಲ್ಲ.

“ನಮ್ಮ ಮಗು ಶಾಲೆಯಲ್ಲಿ ಕಸ ಗುಡಿಸಬೇಕೇ?” ಎಂದು ಕೇಳುವ ಪಾಲಕರಿದ್ದಾರೆ. ಜಗದೊಡೆಯನೇ ಸೌದೆ ಹೊತ್ತ ಮೇಲೆ ಪೊರಕೆ ಹಿಡಿಯಲು ನಾಚಿಕೆಯೇಕೆ? ಆದರೆ ಸರದಿ ಎಲ್ಲರಿಗೂ ಒಂದೇ ಆಗಿರಬೇಕು. ಬಡವನೆಂದೋ ಇಂಥ ಜಾತಿಯವನೆಂದೋ ಒಬ್ಬನ ಮೇಲೆಯೇ ಹೊರಿಸಿದ ಕೆಲಸ ಸೇವೆಯಲ್ಲ, ಅನ್ಯಾಯ. ಶಿಕ್ಷೆಯಾಗಿ ಮಾಡಿಸಿದ್ದೂ ಸೇವೆಯಲ್ಲ. ಓದಿಗೆ ಹೊತ್ತು ಸಾಲದೆಂಬ ಆಕ್ಷೇಪವೂ ಉಂಟು. ಮತ್ತೊಬ್ಬರಿಗೆ ಹೇಳಿಕೊಟ್ಟ ಪಾಠವು ತನಗೇ ಗಟ್ಟಿಯಾಗುವುದೆಂಬುದು ಪಾಠಶಾಲೆಯಲ್ಲಿ ಚಿಂತನೆ ನಡೆಸಿದವರೆಲ್ಲರ ಅನುಭವ.

ಸೂಪಾದಲ್ಲಿ ನಿಂತ ನೀರು ಬೊಮ್ಮನಹಳ್ಳಿಗೆ ಬಂದು, ಸುರಂಗದಲ್ಲಿ ಇಳಿದು, ನಾಗಝರಿಯ ಆರು ಯಂತ್ರಗಳನ್ನು ತಿರುಗಿಸುತ್ತದೆ. ಅಲ್ಲಿಗೂ ಮುಗಿಯದೆ ಕೊಡಸಳ್ಳಿಯಲ್ಲಿ, ಕದ್ರಾದಲ್ಲಿ ಮತ್ತೆ ದುಡಿದು ಸಮುದ್ರವನ್ನು ಸೇರುತ್ತದೆ. ದುಡಿದುದರಿಂದ ನೀರು ಕಡಿಮೆಯಾಗಲಿಲ್ಲ. ಹರಿಯದೆ ನಿಂತಿದ್ದರೆ ದೀಪ ಬೆಳಗುತ್ತಿರಲಿಲ್ಲ. ವಿದ್ಯೆಯೂ ಹಾಗೆಯೇ.

ಆದುದರಿಂದ ಪಾಲಕರು ಸಂಜೆ ಮನೆಗೆ ಬಂದ ಮಗುವನ್ನು “ಇಂದು ಏನು ಕಲಿತೆ?” ಎಂದು ಕೇಳುವುದರ ಜೊತೆಗೆ “ಇಂದು ಯಾರಿಗೆ ನೆರವಾದೆ?” ಎಂದೂ ಕೇಳಲಿ. ದೇವರ ಮುಂದೆ ದೀಪ ಹಚ್ಚಿದಾಗ ಆ ಉತ್ತರವನ್ನು ಮಗುವೇ ಸ್ವಾಮಿಗೆ ಅರ್ಪಿಸಲಿ. ಬರುವ ವಿಜಯದಶಮಿಯಂದು ಈ ರೂಢಿಯನ್ನು ಆರಂಭಿಸಬೇಕೆಂದು ಭಕ್ತಮಹನೀಯರಲ್ಲಿ ನಮ್ಮ ವಿನಂತಿ.

ಶ್ರೀಕೃಷ್ಣಾರ್ಪಣಮಸ್ತು.