ನಂಜಮ್ಮ ನಿಜವಾಗಿ ಇದ್ದಳೆ?

ಪ್ರಶ್ನೆ: ಫ್ರಾನ್ಸಿನ ಆನಿ ಎರ್ನೋ ತಮ್ಮ ಮನೆಯವರ ಬದುಕನ್ನೇ ಬರೆದು 2022ರಲ್ಲಿ ನೊಬೆಲ್ ಪಡೆದರು. ನಮ್ಮ ಹಾಸನದ ಕಡೆ ಹಾಗೆ ಬರೆದವರುಂಟೆ? ‘ಗೃಹಭಂಗ’ ಭೈರಪ್ಪನವರ ಮನೆಯದೇ ಕಥೆಯೆ?
– ಹೊಳೆನರಸೀಪುರದ ಓದುಗರೊಬ್ಬರು

ಉತ್ತರ: ಬಹುಮಟ್ಟಿಗೆ ಹೌದು. ಎಸ್.ಎಲ್. ಭೈರಪ್ಪನವರ ಊರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಚಿಕ್ಕ ವಯಸ್ಸಿನಲ್ಲೇ ತಾಯಿ ಗೌರಮ್ಮನವರನ್ನೂ ಒಡಹುಟ್ಟಿದವರನ್ನೂ ಪ್ಲೇಗು ಕಿತ್ತುಕೊಂಡಿತು. 1970ರಲ್ಲಿ ಬಂದ ‘ಗೃಹಭಂಗ’ ಕಾದಂಬರಿಯಲ್ಲಿ ಊರು ರಾಮಸಂದ್ರವಾಗಿ ತಿಪಟೂರು ತಾಲ್ಲೂಕಿಗೆ ಸೇರಿತು, ತಾಯಿ ನಂಜಮ್ಮನಾದಳು.

ಆ ನಂಜಮ್ಮನನ್ನು ನೋಡಿ. ಶ್ಯಾನುಭೋಗಿಕೆ ಗಂಡ ಚೆನ್ನಿಗರಾಯನದು, ಕೂತು ಗೆರೆ ಎಳೆದು ಲೆಕ್ಕ ಬರೆಯುವವಳು ಇವಳು. ಶ್ಯಾನುಭೋಗಿಕೆಯ ಸಂಭಾವನೆಯಾದ ಪೋಟಿಗೆ ಹಣ ಕೈಗೆ ಬಂದರೆ ಅವನು ಹೋಟೆಲಿನಲ್ಲಿ ತಿಂದು ಮುಗಿಸುತ್ತಾನೆ. ಇವಳು ಮುತ್ತುಗದೆಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಹೊತ್ತು ಮುಳುಗಿದರೂ ಬೆರಳು ನಿಲ್ಲದ ಆ ದುಡಿಮೆಯನ್ನು ಹತ್ತಿರ ಕೂತು ನೋಡಿದ ಮಗನಷ್ಟೇ ಹೀಗೆ ಬರೆಯಬಲ್ಲ ಎಂದು ಪ್ರತಿ ಸಲ ಓದಿದಾಗಲೂ ನನಗೆ ಅನ್ನಿಸಿದೆ.

ಆದರೆ ಮನೆಯ ಕಥೆ ಗೊತ್ತಿದ್ದ ಮಾತ್ರಕ್ಕೆ ಕಾದಂಬರಿ ಆಗಿಬಿಡುವುದಿಲ್ಲ. ಭೈರಪ್ಪನವರು ಇಲ್ಲಿ ತಮ್ಮನ್ನು ಹಿಂದಕ್ಕೆ ಸರಿಸಿಕೊಂಡರು. ಅವರನ್ನು ಹೋಲುವ ವಿಶ್ವ ಪುಸ್ತಕದಲ್ಲಿ ಓಡಾಡುವ ಚಿಕ್ಕ ಹುಡುಗ, ಅಷ್ಟೆ. ನಡುಮನೆ ತಾಯಿಯದು. ಬೈಗುಳವೇ ಬಾಯಾದ ಅತ್ತೆ ಗಂಗಮ್ಮನ ಮೇಲೂ ತೀರ್ಪು ಕೊಡಲು ಹೋಗುವುದಿಲ್ಲ. ಅವಳನ್ನು ಅವಳ ಮಾತಿನಲ್ಲೇ ಆಡಲು ಬಿಡುತ್ತಾರೆ. ಸೇಡು ತೀರಿಸಿಕೊಳ್ಳಲು ಬರೆದಿದ್ದರೆ ಈ ಪುಸ್ತಕ ಇಷ್ಟು ಕಾಲ ಬಾಳುತ್ತಿರಲಿಲ್ಲ.

‘ನಾನು’ ಎಂದು ಅದೇ ಬಾಲ್ಯವನ್ನು ಬರೆಯಲು ಅವರಿಗೆ ಇನ್ನೂ 26 ವರ್ಷ ಬೇಕಾಯಿತು. 1996ರ ಆತ್ಮಕಥೆ ‘ಭಿತ್ತಿ’ಯಲ್ಲಿ ಸತ್ತ ತಮ್ಮನನ್ನು ಹೆಗಲ ಮೇಲೆ ಹೊತ್ತು ತಾವೇ ಸಂಸ್ಕಾರಕ್ಕೆ ಒಯ್ದ ಪ್ರಸಂಗವಿದೆ. ಎಷ್ಟು ಗಟ್ಟಿ ಮನಸ್ಸಿನವರಿಗೂ ಆ ಪುಟಗಳನ್ನು ಒಂದೇ ಉಸಿರಿಗೆ ದಾಟುವುದು ಕಷ್ಟ.

ಎರ್ನೋ ನಡೆದದ್ದೂ ಇದೇ ದಾರಿ. ನಾರ್ಮಂಡಿಯ ಸಣ್ಣ ಪಟ್ಟಣದಲ್ಲಿ ದಿನಸಿ ಅಂಗಡಿ, ಕೆಫೆ ನಡೆಸುತ್ತಿದ್ದವರ ಮಗಳು. 1974ರ ಮೊದಲ ಕಾದಂಬರಿಯಲ್ಲಿ ಬೇರೆ ಹೆಸರಿನ ನಾಯಕಿಯ ಮರೆಯಲ್ಲಿ ಬರೆದರು. ತಂದೆಯ ಬದುಕನ್ನು ನೇರವಾಗಿ ಬರೆದದ್ದು 1983ರಲ್ಲಿ. ಆಮೇಲೆ ಅವರು ಕಾದಂಬರಿಯ ವೇಷವನ್ನೇ ಬಿಟ್ಟರು. ಭೈರಪ್ಪನವರು ಬಿಡಲಿಲ್ಲ. ಅದರಿಂದ ನಮಗೆ ಒಬ್ಬ ತಾಯಿಯ ಜತೆಗೆ ಅಕ್ಕಮ್ಮ, ಕಂಠೀಜೋಯಿಸ, ಮಾದೇವಯ್ಯನಂಥ ಪಾತ್ರಗಳೆಲ್ಲ ಸೇರಿ ಇಡೀ ಊರೇ ಸಿಕ್ಕಿತು.

ಓದುವುದಾದರೆ ‘ಗೃಹಭಂಗ’ ಮೊದಲು ಓದಿ, ‘ಭಿತ್ತಿ’ ಆಮೇಲೆ. ಹಿಂದುಮುಂದಾದರೆ ನಂಜಮ್ಮನನ್ನು ಕಾಣುವ ಬದಲು ಗೌರಮ್ಮನವರನ್ನು ಹುಡುಕುತ್ತಾ ಕೂರುತ್ತೀರಿ.