ಸ್ವಪ್ನದಲ್ಲಿ ಎಚ್ಚರ

ನಿದ್ರೆಯ ಮಧ್ಯದಲ್ಲಿ, ಕಣ್ಣು ಮುಚ್ಚಿಯೇ ಇರುವಾಗ, ಎದುರಿಗೆ ನಡೆಯುತ್ತಿರುವುದೆಲ್ಲವೂ ಕನಸೆಂಬ ಅರಿವು ಥಟ್ಟನೆ ಮೂಡಿ, ಹಾಗೆ ಮೂಡಿದ ಮೇಲೆಯೂ ಕನಸು ಒಡೆಯದೆ ಮುಂದುವರಿಯುವ ಅವಸ್ಥೆಯೊಂದುಂಟು. ಹಾಲೆಂಡಿನ ಮನೋವೈದ್ಯನೂ ಸಾಹಿತಿಯೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ತನ್ನ ಇಂತಹ ಸ್ವಪ್ನಗಳನ್ನು ವಿವರಿಸಿ ಬರೆದ ಪ್ರಬಂಧದ ಮೂಲಕ ‘ಲೂಸಿಡ್ ಡ್ರೀಮ್’ ಎಂಬ ಹೆಸರು ಪಾಶ್ಚಾತ್ಯರಲ್ಲಿ ರೂಢಿಗೆ ಬಂದಿತು. ನಾನು ಅದನ್ನು ಅರಿವಿನ ಕನಸೆನ್ನುತ್ತೇನೆ. ಇಂತಹ ಕನಸು ಕಾಣುವ ಅಭ್ಯಾಸಕ್ಕೆ ನಾನು ತೊಡಗಿದುದು ಒಂದು ಭಯದಿಂದ ಬಿಡುಗಡೆ ಪಡೆಯುವುದಕ್ಕಾಗಿ.

ಅರಸೀಕೆರೆಯಲ್ಲಿ ನಮ್ಮ ಮನೆ ರೈಲ್ವೆ ನಿಲ್ದಾಣಕ್ಕೆ ಸಮೀಪ. ಬೆಂಗಳೂರು-ಹುಬ್ಬಳ್ಳಿಯ ಮಾರ್ಗಕ್ಕೆ ಮೈಸೂರು-ಹಾಸನದ ಮಾರ್ಗ ಬಂದು ಸೇರುವ ಜಂಕ್ಷನ್ನಾದುದರಿಂದ ಇರುಳೆಲ್ಲ ಗಾಡಿಗಳ ಕೂಗು ನಿದ್ರೆಯೊಳಕ್ಕೂ ಇಳಿದುಬರುವುದು. ಬಾಲ್ಯದಿಂದಲೂ ನನ್ನನ್ನು ಬೆನ್ನಟ್ಟಿದ ದುಃಸ್ವಪ್ನವೊಂದೇ: ಹಳಿಗಳ ನಡುವೆ ಕಾಲು ಸಿಕ್ಕಿಕೊಂಡಿದೆ, ದೂರದಲ್ಲಿ ಎಂಜಿನ್ನಿನ ದೀಪ ಬೆಳೆಯುತ್ತ ಬರುತ್ತಿದೆ, ಕೂಗಬೇಕೆಂದರೆ ಗಂಟಲಿನಿಂದ ಸ್ವರ ಹೊರಡದು. ಬೆವೆತು ಎದ್ದು ಕುಳಿತು, ಮತ್ತೆ ಮಲಗಲು ಅಂಜಿ, ಹಾಗೆಯೇ ಬೆಳಗು ಮಾಡಿದ ರಾತ್ರಿಗಳು ಎಷ್ಟೋ.

ಹಗಲಿನಲ್ಲಿ ಆಗಾಗ ‘ಇದು ಕನಸೋ ಎಚ್ಚರವೋ’ ಎಂದು ಮನಸಾರೆ ಪ್ರಶ್ನಿಸಿಕೊಳ್ಳುವವನಿಗೆ ಆ ಪ್ರಶ್ನೆ ಕನಸಿನಲ್ಲಿಯೂ ಎದುರಾಗುವುದೆಂದೂ, ಬರೆಹವೊಂದನ್ನು ಓದಿ, ಮುಖ ತಿರುಗಿಸಿ, ಮತ್ತೆ ಓದಿದರೆ ಕನಸಿನಲ್ಲಿ ಅಕ್ಷರಗಳು ಬದಲಾಗಿರುವುದುಂಟೆಂದೂ ಓದಿ ತಿಳಿದಿದ್ದೆನು. ನನಗೆ ಅಕ್ಷರಕ್ಕಿಂತ ಶಿಲ್ಪವೇ ಹೆಚ್ಚು ಒಗ್ಗಿತು. ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋದಾಗಲೆಲ್ಲ ಹೊಯ್ಸಳೇಶ್ವರನ ಗುಡಿಯ ಗೋಡೆಯ ಕೆಳಸಾಲಿನ ಆನೆಗಳಲ್ಲಿ ಒಂದನ್ನು ಆರಿಸಿಕೊಂಡು, ಅದರ ಸೊಂಡಿಲಿನ ಬಾಗನ್ನು ಮನಸ್ಸಿಗೆ ತಂದುಕೊಂಡು, ನಂದಿಯ ಕಡೆಗೆ ತಿರುಗಿ, ಮರಳಿ ಅದನ್ನೇ ನೋಡುವೆನು. ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರಿನಲ್ಲಿ, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರ ಮುಂದೆಯೂ ಇದೇ ಸಾಧನೆ. ಒಂಬತ್ತು ಶತಮಾನಗಳಿಂದ ಕನ್ನಡಿ ಹಿಡಿದು ನಿಂತಿರುವ ದರ್ಪಣಸುಂದರಿ ನಾನು ಮುಖ ತಿರುಗಿಸಿದ ಮಾತ್ರಕ್ಕೆ ಬದಲಾಗುವವಳಲ್ಲ. ಕಲ್ಲಿನ ಈ ಸ್ಥೈರ್ಯವನ್ನೇ ಎಚ್ಚರದ ಪ್ರಮಾಣವೆಂದು ನಾನು ಅಂಗೀಕರಿಸಿದೆನು.

ಕೆಲವು ತಿಂಗಳುಗಳ ತರುವಾಯ ಒಂದು ಬೆಳಗಿನ ಜಾವದ ಕನಸಿನಲ್ಲಿ ಬೇಲೂರಿನ ಗುಡಿಯ ಅಂಗಳದಲ್ಲಿ ನಿಂತಿದ್ದೆನು. ಅಭ್ಯಾಸಬಲದಿಂದ ದರ್ಪಣಸುಂದರಿಯನ್ನು ನೋಡಿ, ಪಕ್ಕಕ್ಕೆ ತಿರುಗಿ, ಮತ್ತೆ ನೋಡಿದರೆ, ಅವಳ ಕೈಯಲ್ಲಿ ಕನ್ನಡಿಯ ಬದಲು ಗಿಳಿಯಿತ್ತು. ಇದು ಕನಸೆಂದು ತಿಳಿದ ಆ ಕ್ಷಣದ ಹರ್ಷವನ್ನು ವರ್ಣಿಸಲಾರೆನು. ಆದರೆ ಹರ್ಷವೇ ಅತಿಯಾಗಿ ಎಚ್ಚರವಾಗಿಹೋಯಿತು. ಅರಿವು ಮೂಡಿದೊಡನೆ ಹಿಗ್ಗದೆ, ಎರಡು ಅಂಗೈಗಳನ್ನೂ ಉಜ್ಜಿಕೊಳ್ಳುತ್ತ ಆ ಸ್ಪರ್ಶದಲ್ಲಿಯೇ ಮನಸ್ಸನ್ನು ನಿಲ್ಲಿಸಿದರೆ ದೃಶ್ಯವು ನೆಲೆಗೊಳ್ಳುತ್ತದೆಂಬುದು ಅನಂತರದ ಕನಸುಗಳಿಂದ ಮನವರಿಕೆಯಾಯಿತು.

ಅರಿತಮೇಲೆ ಆಳಬಹುದೆ? ಬೇಲೂರಿನ ನವರಂಗದ ನರಸಿಂಹಕಂಬವು ಹಿಂದೆ ತಿರುಗುತ್ತಿತ್ತೆಂದು ಜನ ಹೇಳುತ್ತಾರೆ. ಕನಸಿನಲ್ಲಿ ಆ ಕಂಬದೆದುರು ನಿಂತು ತಿರುಗೆಂದು ಆಜ್ಞಾಪಿಸಿದೆನು, ಅದು ಅಲುಗಲಿಲ್ಲ. ಮತ್ತೊಂದು ಕನಸಿನಲ್ಲಿ ಏನನ್ನೂ ಆಜ್ಞಾಪಿಸದೆ, ತಿರುಗುವ ಕಂಬವಲ್ಲವೆ ಇದು ಎಂಬ ಸಹಜವಾದ ನಂಬಿಕೆಯಿಂದ ಅಂಗೈ ಇಟ್ಟೆನು. ಅಷ್ಟು ದೊಡ್ಡ ಕಂಬ ಸದ್ದಿಲ್ಲದೆ ತಿರುಗಿತು. ಕನಸು ಬಾಯಿಮಾತಿನ ಸಂಕಲ್ಪಕ್ಕಲ್ಲ, ಅದರ ಕೆಳಗೆ ಹುದುಗಿರುವ ನಿರೀಕ್ಷೆಗೆ ಬಗ್ಗುವುದೆಂದು ನನಗೆ ತಿಳಿದುದು ಆಗ.

ಹಳಿಯ ಕನಸು ಅರಿವಿನೊಡನೆ ಬಂದ ರಾತ್ರಿ ಈ ತಿಳಿವಳಿಕೆಯೇ ಕೈಹಿಡಿಯಿತು. ಗಾಡಿಗೆ ನಿಲ್ಲೆಂದೆನು, ನಿಲ್ಲಲಿಲ್ಲ, ಏಕೆಂದರೆ ಅದು ಬಂದೇ ಬರುವುದೆಂಬ ನಿರೀಕ್ಷೆ ಬಾಲ್ಯದಿಂದ ನನ್ನೊಳಗೆ ಬೇರೂರಿತ್ತು. ಆಗ ದೀಪದ ಕಡೆಗಿದ್ದ ದೃಷ್ಟಿಯನ್ನು ಕಿತ್ತು ನನ್ನ ಕಾಲಿನ ಮೇಲಿಟ್ಟೆನು. ಅಷ್ಟು ವರ್ಷಗಳಲ್ಲಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಪಾದವು ಜಲ್ಲಿಕಲ್ಲುಗಳ ಮೇಲೆ ಸುಮ್ಮನೆ ಊರಿತ್ತು, ಯಾವುದರಲ್ಲಿಯೂ ಸಿಕ್ಕಿರಲಿಲ್ಲ. ನಡೆದು ಹೋಗಿ ಪ್ಲಾಟ್‌ಫಾರಂ ಹತ್ತಿದೆನು. ಗಾಡಿ ತನ್ನ ಪಾಡಿಗೆ ತಾನು ಹಾದುಹೋಯಿತು. ಆ ಕನಸು ಅನಂತರ ವಿರಳವಾಯಿತು. ಬಂದರೂ ಬೆದರಿಸುವ ಶಕ್ತಿ ಅದಕ್ಕೆ ಉಳಿದಿಲ್ಲ.

ಬೇಲೂರಿನಲ್ಲಿದ್ದ ನಮ್ಮ ಸೋದರಮಾವನವರು ಬ್ರಹ್ಮಸೂತ್ರಕ್ಕೆ ರಾಮಾನುಜರು ಬರೆದ ಶ್ರೀಭಾಷ್ಯವನ್ನು ಗುರುಮುಖದಿಂದ ಕೇಳಿದವರು. “ಮಾವ, ಕನಸು ನನ್ನದೇ ಆಗಿದ್ದರೂ ನನ್ನ ಮಾತನ್ನೇಕೆ ಕೇಳುವುದಿಲ್ಲ?” ಎಂದು ಕೇಳಿದೆನು. “ನಿನ್ನದೆಂದು ಯಾರು ಹೇಳಿದರಪ್ಪ?” ಎಂದರು ಅವರು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದವು ಸ್ವಪ್ನವಿಚಾರದಿಂದಲೇ ಆರಂಭವಾಗುತ್ತದೆ. ಅಲ್ಲಿ ಶಂಕರರು ಸ್ವಪ್ನಸೃಷ್ಟಿಯನ್ನು ಮಾಯಾಮಾತ್ರವೆಂದರೆ, ರಾಮಾನುಜರು, ಜೀವಾತ್ಮನ ಸತ್ಯಸಂಕಲ್ಪತ್ವವು, ಎಂದರೆ ನೆನೆದುದನ್ನು ನಿಜವಾಗಿಸುವ ಶಕ್ತಿಯು, ಸಂಸಾರದಲ್ಲಿ ಮರೆಯಾಗಿರುವುದರಿಂದ ಕನಸಿನಲ್ಲಿ ಕಾಣುವ ರಥ ಕುದುರೆಗಳನ್ನೆಲ್ಲ ಸೃಷ್ಟಿಸುವ ಸಾಮರ್ಥ್ಯ ಅವನಿಗಿಲ್ಲವೆಂದೂ, ಅವನೊಬ್ಬನ ಅನುಭವಕ್ಕಾಗಿ, ಅಷ್ಟು ಹೊತ್ತಿಗೆ ಮಾತ್ರ, ಈಶ್ವರನೇ ಅವನ್ನು ಸೃಷ್ಟಿಸುವನೆಂದೂ ಪ್ರತಿಪಾದಿಸುತ್ತಾರೆ. ಸಂಪ್ರದಾಯವು ವಿಷ್ಣುವರ್ಧನನ ಗುರುವೆಂದು ಹೇಳುವ ಆ ಆಚಾರ್ಯರ ಮತವನ್ನು ಅವನೇ ಕಟ್ಟಿಸಿದ ಗುಡಿಯ ನೆರಳಿನಲ್ಲಿ ಕೇಳಿದಾಗ ನನ್ನ ಮನಸ್ಸು ಅದಕ್ಕೆ ಒಲಿಯಿತು. ವೇದಾಂತದ ತೀರ್ಪು ಕೊಡುವ ಅಧಿಕಾರ ನನ್ನದಲ್ಲ. ಆದರೆ ಕನಸಿನ ಒಡೆಯನೆಂಬ ಭಾವದಿಂದ ಪ್ರವೇಶಿಸಿದಾಗ ದೊರೆಯದ ಸಹಕಾರ ಅತಿಥಿಯಂತೆ ಪ್ರವೇಶಿಸಿದಾಗ ದೊರೆತಿದೆ.

ಅರಿವಿನ ಕನಸು ಕೇವಲ ಭ್ರಮೆಯೆನ್ನುವವರಿಗೆ ಪ್ರಯೋಗಶಾಲೆಯ ಸಾಕ್ಷ್ಯವಿದೆ. ಕಣ್ಣುಗಳು ತ್ವರೆಯಿಂದ ಚಲಿಸುವ ನಿದ್ರಾವಸ್ಥೆಯನ್ನು ಷಿಕಾಗೋದಲ್ಲಿ 1953ರಲ್ಲಿ ಗುರುತಿಸಿದರು. ಆಗ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡಿದ್ದರೂ ಕಣ್ಣಿನ ಚಲನೆ ಉಳಿದಿರುತ್ತದೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ 1975ರಲ್ಲಿ ಈ ಮಾರ್ಗವನ್ನೇ ಹಿಡಿದು, ನಿದ್ರಿಸುತ್ತಿದ್ದ ಆಲನ್ ವರ್ಸ್ಲಿ ಎಂಬವನು ಮೊದಲೇ ಗೊತ್ತುಮಾಡಿಕೊಂಡಂತೆ ಕಣ್ಣುಗಳನ್ನು ಎಡಬಲಕ್ಕೆ ಹೊರಳಿಸಿ ಕಳುಹಿಸಿದ ಸಂಕೇತವನ್ನು ಯಂತ್ರದಲ್ಲಿ ದಾಖಲಿಸಿದನು. ಕನಸು ಕಾಣುತ್ತಿರುವವರು ಸಣ್ಣ ಲೆಕ್ಕಗಳಿಗೆ ನಿದ್ರೆಯೊಳಗಿನಿಂದಲೇ ಉತ್ತರ ಕೊಟ್ಟುದನ್ನು 2021ರಲ್ಲಿ ನಾಲ್ಕು ದೇಶಗಳ ವಿಜ್ಞಾನಿಗಳು ಪ್ರಕಟಿಸಿದರು.

ದುಃಸ್ವಪ್ನದಿಂದ ಬಳಲುವವರು ಹಾಸಿಗೆಯ ಬಳಿ ಒಂದು ಪುಸ್ತಕವಿಟ್ಟು, ಎಚ್ಚರವಾದ ಒಡನೆಯೇ ಕನಸನ್ನು ಬರೆದಿಡಲಿ. ದೀರ್ಘವಾದ ಕನಸುಗಳು ಇರುಳಿನ ಕೊನೆಯ ಭಾಗದಲ್ಲಿ ಬೀಳುವುದರಿಂದ, ಆ ಹೊತ್ತಿನಲ್ಲಿ ಎಚ್ಚರವಾದರೆ, ಕಂಡ ಕನಸನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನಡೆಸಿ, ಇನ್ನೊಂದು ಬಂದಾಗ ಇದು ಕನಸೆಂದು ಅರಿಯುವೆನೆಂದು ನಿಶ್ಚಯಿಸಿ ಮಲಗಲಿ. ಅಮೆರಿಕದ ಸ್ಟೀಫನ್ ಲಾಬರ್ಜ್ ರೂಪಿಸಿದ ಕ್ರಮವಿದು, ನನಗೆ ಫಲಿಸಿದುದೂ ಇದೇ. ಅಭ್ಯಾಸದ ಹಂಬಲದಿಂದ ದಿನವೂ ನಿದ್ರೆಗೆಡುವುದು ಬೇಡ. ನಿದ್ರೆ ಕಳೆದುಕೊಂಡು ಗಳಿಸುವಷ್ಟು ಬೆಲೆಯುಳ್ಳ ಕನಸು ಯಾವುದೂ ಇಲ್ಲ. ಕನಸಿಗೂ ನಿಜಕ್ಕೂ ನಡುವಣ ಗೆರೆ ಹಗಲಿನಲ್ಲಿಯೇ ಅಳಿಸಿದಂತೆ ತೋರುವವರು, ಮನೋರೋಗಕ್ಕೆ ಔಷಧ ಸೇವಿಸುತ್ತಿರುವವರು, ತಮ್ಮ ವೈದ್ಯರನ್ನು ಕೇಳದೆ ಇದಕ್ಕೆ ತೊಡಗಬಾರದು.